ಕ್ರಿಸ್ತನ ಪುನರಾಗಮನ: ಹಾಸನ ಸೀಮೆಯ ಕಥೋಲಿಕ ನಂಬಿಕೆಯ ಇತಿಹಾಸ

ಲೋಕಾಂತ್ಯದಲ್ಲಿ ಕ್ರಿಸ್ತ ಮಹಿಮೆಯೊಡನೆ ಮರಳಿ ಬಂದು, ಬದುಕಿರುವವರಿಗೂ ಸತ್ತವರಿಗೂ ತೀರ್ಪು ಕೊಡುತ್ತಾನೆಂಬುದು ಕಥೋಲಿಕರು ಭಾನುವಾರದ ಬಲಿಪೂಜೆಯಲ್ಲಿ ಹೇಳುವ ವಿಶ್ವಾಸ ಪ್ರಮಾಣದ ಮಾತು. 325 ಮತ್ತು 381ರ ಮಹಾಸಭೆಗಳಿಂದ ಬಂದ ಈ ಮಾತಿನಲ್ಲಿ ತಕರಾರಿಲ್ಲ. ತಕರಾರಿರುವುದು ಪ್ರಕಟಣೆ ಗ್ರಂಥದ 20ನೆಯ ಅಧ್ಯಾಯದ ಸಾವಿರ ವರ್ಷಗಳ ಆಳ್ವಿಕೆಯ ಬಗ್ಗೆ. ಎರಡನೆಯ ಶತಮಾನದ ಇರೆನೇಯಸ್ ಅದು ಭೂಮಿಯ ಮೇಲೆಯೇ ನಡೆಯುವುದೆಂದು ನಂಬಿದ್ದ. ಐದನೆಯ ಶತಮಾನದಲ್ಲಿ ಆಗಸ್ಟೀನ್ ಅದನ್ನು ಧರ್ಮಸಭೆಯ ನಡೆಯುತ್ತಿರುವ ಕಾಲವೆಂದೇ ಅರ್ಥೈಸಿದ. 431ರ ಎಫೆಸಸ್ ಸಭೆ ಇರೆನೇಯಸ್‌ನಂಥವರ ನಿಲುವನ್ನು ಖಂಡಿಸಿತೆಂದು ಹಲವು ಕೈಪಿಡಿಗಳು ಒಂದನ್ನೊಂದು ನೋಡಿ ಬರೆದಿವೆ. ಆ ಸಭೆಯ ನಿರ್ಣಯಗಳಲ್ಲಿ ಅಂಥದ್ದೇನೂ ಕಾಣುವುದಿಲ್ಲ. ಗಟ್ಟಿ ದಾಖಲೆಗಳು ಬಹಳ ನಂತರದವು. ಲೋಕಾಂತ್ಯಕ್ಕೆ ದಿನ ಗೊತ್ತುಮಾಡಿ ಸಾರಬಾರದೆಂದು ಐದನೆಯ ಲ್ಯಾಟರನ್ ಸಭೆ 1516ರಲ್ಲಿ ಬೋಧಕರನ್ನು ತಡೆಯಿತು. ಸಾವಿರ ವರ್ಷದ ವಾದದ ಸೌಮ್ಯ ರೂಪವನ್ನೂ ಬೋಧಿಸುವುದು ಕ್ಷೇಮವಲ್ಲವೆಂದು 1944ರಲ್ಲಿ ರೋಮ್ ಹೇಳಿತು. ವಿಶ್ವಾಸಿಗಳು ಇದ್ದಕ್ಕಿದ್ದಂತೆ ಆಕಾಶಕ್ಕೆ ಒಯ್ಯಲ್ಪಡುತ್ತಾರೆಂಬ, ಕಥೋಲಿಕರಿಗೂ ಅಂಟಿಸಲಾಗುವ ಚಿತ್ರ ಹತ್ತೊಂಬತ್ತನೆಯ ಶತಮಾನದ ಪ್ರಾಟೆಸ್ಟಂಟ್ ಬೋಧನೆಯಿಂದ ಹರಡಿದ್ದು.

ಈ ಪ್ರಶ್ನೆ ಹಾಸನ ಸೀಮೆಯನ್ನು ನೇರವಾಗಿ ಮುಟ್ಟಿದ್ದು ಅಬ್ಬೆ ದುಬಾಯ್ ಎಂಬ ಪಾದ್ರಿಯ ಮೂಲಕ. ಜೆಸ್ವಿತ್ ಪಾದ್ರಿ ಲಿಯೊನಾರ್ದೊ ಚಿನ್ನಾಮಿ 1640ರ ದಶಕದ ಕೊನೆಗೆ ಮೈಸೂರು ಮಿಷನ್ ಆರಂಭಿಸಿದ್ದ. 1773ರಲ್ಲಿ ಜೆಸ್ವಿತ್ ಸಂಘವೇ ರದ್ದಾದ ಮೇಲೆ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆಯವರು ಈ ಕಡೆ ಬಂದರು. ಆ ಸಂಸ್ಥೆಯ ದುಬಾಯ್ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಚದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿ, ಹಾಸನದ ಬಳಿಯ ಸಾತಳ್ಳಿಯಲ್ಲಿ ಬೇಸಾಯದ ನೆಲೆ ಕಟ್ಟಿಕೊಟ್ಟ. ಆತ ಹಿಂದೂ ಆಚಾರಗಳ ಬಗ್ಗೆ ಬರೆದ ಗ್ರಂಥಕ್ಕೆ ಸಿಕ್ಕ ಗಮನ 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪತ್ರಗಳಿಗೆ ಸಿಕ್ಕಿಲ್ಲ. ನಮ್ಮ ವಿಷಯಕ್ಕೆ ಮುಖ್ಯವಾದವು ಆ ಪತ್ರಗಳೇ. ಹಿಂದೂಗಳ ಮತಾಂತರದ ಕಾಲ ಕಳೆದುಹೋಯಿತೆಂದು ಆತ ಅವುಗಳಲ್ಲಿ ವಾದಿಸಿದ. ಅಂತ್ಯಕ್ಕೆ ಮುನ್ನ ಸುವಾರ್ತೆ ಎಲ್ಲ ಜನಾಂಗಗಳಿಗೂ ಸಾರಲ್ಪಡುವುದೆಂದು ಕ್ರಿಸ್ತ ಹೇಳಿದ್ದುಂಟು, ಎಲ್ಲರೂ ನಂಬುವರೆಂದು ಎಲ್ಲೂ ಹೇಳಿಲ್ಲ ಎಂಬುದು ಅದರ ತಿರುಳು. ಇಡೀ ಲೋಕ ಕ್ರೈಸ್ತವಾಗುವ ದಿನ ಹತ್ತಿರವಾಯಿತೆಂದು ನಂಬಿದ್ದ ಪ್ರಾಟೆಸ್ಟಂಟ್ ಮಿಷನ್‌ಗಳಿಗೆ ಇದು ಸಹಿಸಲಾರದ ಮಾತಾಯಿತು. ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್ಲಿ 1824ರಲ್ಲೇ ಪುಸ್ತಕರೂಪದ ಉತ್ತರ ಕೊಟ್ಟರು.

ಇದು ಸೋತ ಪಾದ್ರಿಯ ಹತಾಶೆಯೇ ಹೊರತು ಸಿದ್ಧಾಂತವಲ್ಲ ಎಂಬ ಆಕ್ಷೇಪವಿದೆ. ಹತಾಶೆಯಿದ್ದದ್ದು ನಿಜ, ಆತ ಮುಚ್ಚಿಟ್ಟೂ ಇಲ್ಲ. ಆದರೆ ವಚನವನ್ನು ಹಾಗೆ ಓದಲು ಹತಾಶೆಯೊಂದೇ ಸಾಲದು. ಇತಿಹಾಸದೊಳಗೆ ಧರ್ಮಸಭೆಗೆ ಪೂರ್ಣ ಗೆಲುವು ಬರಲೇಬೇಕೆಂದು ಬಯಸದ ಆಗಸ್ಟೀನನ ದಾರಿ ಬೆನ್ನಿಗಿರಬೇಕು. ದೇವರ ರಾಜ್ಯ ನೆರವೇರುವುದು ಧರ್ಮಸಭೆಯ ಹಂತಹಂತದ ಏಳಿಗೆಯಿಂದಲ್ಲ ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥ 677ನೆಯ ಪರಿಚ್ಛೇದದಲ್ಲಿ ಹೇಳುವಾಗ ದುಬಾಯ್‌ನ ಅರ್ಧ ವಾದ ಅಲ್ಲಿ ಕಾಣುತ್ತದೆ. ಉಳಿದರ್ಧಕ್ಕೆ ಅಲ್ಲಿ ಜಾಗವಿಲ್ಲ: ಎರಡು ಆಗಮನಗಳ ನಡುವಿನ ಕಾಲವೆಲ್ಲ ಮಿಷನ್ನಿನ ಕಾಲವೇ ಎಂದು ಎರಡನೆಯ ವ್ಯಾಟಿಕನ್ ಸಭೆ 1965ರಲ್ಲಿ ಸಾರಿತ್ತು.

ಪುನರಾಗಮನವನ್ನು ಕಲ್ಕಿ ಅವತಾರದೊಡನೆ ಸಮೀಕರಿಸುವುದು ಈ ಭಾಗದಲ್ಲಿ ಸುಲಭ. ಹೊಯ್ಸಳ ವಿಷ್ಣುಮೂರ್ತಿಗಳ ಪ್ರಭಾವಳಿಯಲ್ಲಿ ದಶಾವತಾರ ಕಾಣದವರಿಲ್ಲ. ಹೋಲಿಕೆ ಮೇಲ್ನೋಟದ್ದು. ಕಲ್ಕಿಯ ನಂತರ ಮತ್ತೆ ಕೃತಯುಗ ತೊಡಗುತ್ತದೆ. ಕಥೋಲಿಕ ತೀರ್ಪಿನ ಬಳಿಕ ಕಾಲಚಕ್ರ ತಿರುಗುವುದಿಲ್ಲ.

ಅರಸೀಕೆರೆ, ಬೇಲೂರು, ಹಳೇಬೀಡುಗಳಿರುವ ಹಾಸನ ಜಿಲ್ಲೆ 1963ರಲ್ಲಿ ಮೈಸೂರಿನಿಂದ ಬೇರ್ಪಟ್ಟ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿತು. ಅದೇ ದಶಕದಲ್ಲಿ ಪೂಜೆ ಲ್ಯಾಟಿನ್‌ನಿಂದ ಜನರ ಭಾಷೆಗೆ ಬರತೊಡಗಿತು. 1970ರ ಹೊಸ ಪೂಜಾಗ್ರಂಥ ಕ್ರಿಸ್ತ ಮರಳಿ ಬರುವವರೆಗೂ ಆತನ ಮರಣವನ್ನು ಸಾರುವ ಘೋಷಣೆಯನ್ನು ಜನರ ಬಾಯಿಗೆ ಕೊಟ್ಟಿತು. ಕ್ರಿಸ್ತರಾಜನ ಹಬ್ಬ ಅಕ್ಟೋಬರಿನಿಂದ ಪೂಜಾವರ್ಷದ ಕೊನೆಯ ಭಾನುವಾರಕ್ಕೆ ಸರಿಯಿತು. ಮರುವಾರವೇ ಆಗಮನ ಕಾಲ. ಕ್ರಿಸ್ಮಸ್ಸಿನ ತಯಾರಿಯೆಂದೇ ಹೆಚ್ಚಿನವರು ತಿಳಿದಿರುವ ಆ ನಾಲ್ಕು ವಾರಗಳ ಮೊದಲ ಭಾನುವಾರದ ವಾಚನ ಗೋದಲಿಯದ್ದಲ್ಲ, ಲೋಕಾಂತ್ಯದ್ದು.