ದೊಡ್ಡ ಟೈರಿನ ಜೀಪು

ಮೊನ್ನೆ ಚೌತಿಗೆ ಬಂದ ತಂಗಿ ಮಗ, "ದೊಡ್ಡಮ್ಮ, ಜೀಪಿಗೆ ದೊಡ್ಡ ಟೈರು ಹಾಕ್ಸ್ತೀನಿ, ಆಮೇಲೆ ಎಂಥಾ ಉಬ್ಬು ಬೇಕಾದ್ರೂ ಹತ್ತತ್ತೆ" ಅಂದ. "ಹತ್ತದು ಇರ್ಲಿ ಮಾರಾಯ, ನಿಲ್ಲದು ಹ್ಯಾಗೆ?" ಅಂದೆ. ಅವ್ನಿಗೆ ನಗು. ಜೀಪಿನ ಹಿಂದೆ ಕಲ್ಲು ಹಿಡ್ಕೊಂಡು ನಡೆದ ನಮ್ಮಂಥೋರಿಗೆ ನಗು ಬರಲ್ಲ. ಅದ್ಕೆ ಈ ಸಲ ಜೀಪಿನ ಚಕ್ರದ ಕಥೆ.

ಜೀಪು ನಮ್ಮ ಮಲೆನಾಡಿಗೆ ಅಂತ ಹುಟ್ಟಿದ್ದಲ್ಲ, ಯುದ್ಧಕ್ಕೆ ಹುಟ್ಟಿದ್ದು. 1940ರಲ್ಲಿ ಅಮೆರಿಕದ ಸೈನ್ಯ 135 ಕಂಪನಿಗಳಿಗೆ ಕಾಗದ ಬರೀತು: ನಾಲ್ಕೂ ಚಕ್ರ ಎಳೆಯೋ ಸಣ್ಣ ಗಾಡಿ ಬೇಕು, ಮೊದಲನೇ ಗಾಡಿ 49 ದಿನದಲ್ಲಿ ತಂದು ತೋರಿಸ್ಬೇಕು, ತೂಕ 590 ಕೆಜಿ ಮೀರಬಾರ್ದು. ಅಷ್ಟು ಹಗುರ ಮಾಡಕ್ಕೆ ಯಾರಿಂದ್ಲೂ ಆಗ್ಲಿಲ್ಲ, ಕೊನೆಗೆ ಸೈನ್ಯವೇ ತೂಕದ ಲೆಕ್ಕ ಸಡಿಲ ಮಾಡ್ತು. ಬ್ಯಾಂಟಮ್, ವಿಲ್ಲೀಸ್, ಫೋರ್ಡ್ ಮೂರೂ ಸೇರಿ ಯುದ್ಧ ಮುಗಿಯೋದ್ರೊಳಗೆ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ವು. ವಿಲ್ಲೀಸ್ ಜೀಪಿನ ಟೈರು 6.00-16. ಅಂದ್ರೆ ಟೈರಿನ ಅಗಲ 6 ಇಂಚು, ಒಳಗಿನ ರಿಮ್ಮು 16 ಇಂಚು. ಇಂಜಿನ್ನು, ಗೇರು, ಬ್ರೇಕು ಎಲ್ಲಾ ಆ ಚಕ್ರಕ್ಕೆ ಹೊಂದಿಸಿ ಮಾಡಿದ್ದು.

1947ರಲ್ಲಿ ಮಹೀಂದ್ರದೋರು ವಿಲ್ಲೀಸ್ ಜೀಪಿನ ಬಿಡಿಭಾಗ ತರಿಸಿ ಮುಂಬೈಲಿ ಜೋಡ್ಸಕ್ಕೆ ಶುರು ಮಾಡಿದ್ರು. ಅಲ್ಲಿಂದ ಕಾಫಿ ತೋಟಕ್ಕೆ, ಅಡಿಕೆ ತೋಟಕ್ಕೆ, ನಮ್ಮ ಕೊಪ್ಪ-ಶೃಂಗೇರಿ ಕಡೆ ಮನೆಗಳಿಗೆ ಜೀಪು ಬಂತು. ಗಾಡಿ ಜೊತೆಗೆ ಅದೇ 6.00-16 ಟೈರೂ ಬಂತು.

ನಮ್ಮ ಮಣ್ಣು ರಸ್ತೆ ನಿಮಗೆ ಗೊತ್ತು. ಆಗುಂಬೆ ಸುತ್ತ ವರ್ಷಕ್ಕೆ 7,000 ಮಿ.ಮೀ. ಮೇಲೆ ಮಳೆ. ಆಷಾಢ ಬರೋ ಹೊತ್ತಿಗೆ ಚಕ್ರ ಹೋದಲ್ಲಿ ಎರಡು ಕಾಲುವೆ, ನಡುವೆ ಮಣ್ಣಿನ ದಿಬ್ಬ. ಜೀಪಿನ ಆಕ್ಸಲ್ಲಿನ ನಡುವೆ ಒಂದು ಗುಂಡು ಇರತ್ತಲ್ಲ, ಅದು ದಿಬ್ಬಕ್ಕೆ ಕೂತ್ರೆ ಮುಗೀತು, ಚಕ್ರ ಸುಮ್ನೆ ತಿರುಗ್ತಿರತ್ತೆ. ಪಟ್ಟಾ ಎತ್ತರ ಮಾಡಿದ್ರೆ ಮೇಲಿನ ಬಾಡಿ ಏಳತ್ತೆ, ಆ ಗುಂಡು ಏಳಲ್ಲ. ಅದನ್ನ ಎತ್ತಬೇಕು ಅಂದ್ರೆ ಚಕ್ರವೇ ದೊಡ್ಡದಾಗ್ಬೇಕು. ಗಂಡಸ್ರು ದೊಡ್ಡ ಟೈರು ಹುಡ್ಕಿದ್ದು ಬರೀ ಶೋಕಿಗಲ್ಲ, ಅದನ್ನೂ ಹೇಳ್ಬೇಕು.

ನಾನು ಪಿಯುಸಿ ಓದ್ತಿದ್ದ ವರ್ಷ, ನಮ್ಮ ಪಕ್ಕದ ಮನೆ ಮಾವ ಅವ್ರ ಜೀಪಿಗೆ 7.00-16 ಹಾಕ್ಸಿದ್ರು. ಚಕ್ರದ ಎತ್ತರ ಸುಮಾರು 2 ಇಂಚು ಜಾಸ್ತಿ. ಗುಂಡು ಎದ್ದಿದ್ದು ಅದರ ಅರ್ಧ, 1 ಇಂಚು. ದಿಬ್ಬ ತಾಗದು ನಿಜವಾಗ್ಲೂ ಕಡಿಮೆ ಆಯ್ತು. ಎಲ್ರೂ ಹೊಗಳಿದ್ರು.

ಆ ವರ್ಷ ಅಕ್ಕ ಬಾಣಂತನಕ್ಕೆ ಬಂದಿದ್ಲು. ಜಡಿಮಳೇಲಿ, ರಾತ್ರಿ ಹನ್ನೊಂದಕ್ಕೆ ನೋವು ಬಂತು. ಮಾವ ಜೀಪು ತಂದ್ರು. ದಿಬ್ಬ ಎಲ್ಲಾ ದಾಟ್ತು. ಕಡೇ ಉಬ್ಬಲ್ಲಿ ಇಂಜಿನ್ನು ಉಸಿರು ಕಟ್ಟಿ ನಿಂತೇಬಿಡ್ತು. ಬ್ರೇಕು ಒತ್ತಿದ್ರೂ ಗಾಡಿ ಹಿಂದೆ ಜಾರಿತು. ಎಡಗಡೆ ತೋಟದ ಆಳ. ಪುಣ್ಯಕ್ಕೆ ಬಲಗಡೆ ದರೆಗೆ ತಾಗಿ ನಿಂತಿತು. ಅಮ್ಮ, ನಾನು ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ವು. ಇನ್ನೂ ಎರಡು ಸಲ ಹತ್ಸಕ್ಕೆ ನೋಡಿದ್ರು, ಆಗ್ಲಿಲ್ಲ. ಅಕ್ಕ ಹೆತ್ತಿದ್ದು ರಸ್ತೆ ಪಕ್ಕದ ತೋಟದ ಲೈನಲ್ಲಿ. ಅಲ್ಲಿದ್ದ ಅಜ್ಜಿ ಒಬ್ರು ಚಿಮಣಿ ಬೆಳಕಲ್ಲಿ ಹೊಕ್ಕುಳ ಬಳ್ಳಿ ಕೊಯ್ದು ಕೊಟ್ರು. ಅವತ್ತಿನ ಮಗು ಇವತ್ತು ಇದನ್ನ ಓದ್ತಾ ಇರ್ತಾಳೆ.

ಟೈರಿಂದ್ಲೇ ಎಲ್ಲಾ ಆಯ್ತು ಅಂತ ನಾನು ಹೇಳಲ್ಲ. ಫೋರ್ ವೀಲ್ ಗೇರು ಕೆಟ್ಟು ಎರಡು ವರ್ಷ ಆಗಿತ್ತು, ಡ್ರಮ್ಮಿಗೆ ನೀರೂ ಹೋಗಿತ್ತು. ಆದ್ರೆ ಆಮೇಲೆ ಮೇಸ್ತ್ರಿ ಹೇಳಿದ್ದು ಇವತ್ತಿಗೂ ನೆನಪಿದೆ. ಬಾವಿ ರಾಟೆ ದೊಡ್ಡದಾದ್ರೆ ಒಂದು ಸುತ್ತಿಗೆ ಹಗ್ಗ ಜಾಸ್ತಿ ಬರತ್ತೆ, ಆದ್ರೆ ತಿರುಗ್ಸೋ ಕೈಗೆ ಭಾರ. ಚಕ್ರವೂ ಹಾಗೇ. ಒಂದು ಸುತ್ತಿಗೆ ದೂರ ಹೋಗತ್ತೆ, ಉಬ್ಬಲ್ಲಿ ಎಳೆಯೋ ಶಕ್ತಿ ಕಮ್ಮಿ ಆಗತ್ತೆ. ಬ್ರೇಕು ಹಳೇದೇ, ತಡೀಬೇಕಾದ ಚಕ್ರ ದೊಡ್ಡದು. ಮೀಟ್ರಲ್ಲಿ 40 ತೋರಿಸ್ದಾಗ ಗಾಡಿ 43ರ ಹತ್ರ ಓಡ್ತಿರತ್ತೆ. ಸ್ಟೇರಿಂಗೂ ಭಾರ, ಪೂರ್ತಿ ತಿರುಗ್ಸಿದ್ರೆ ಟೈರು ಉಜ್ಜತ್ತೆ.

ಮಾವ ಮಾರನೇ ವಾರವೇ ಹಳೇ ಟೈರು ಹಾಕ್ಸಿ, ಮಳೆಗಾಲಕ್ಕೆ ಚೈನು ಕಟ್ಟಕ್ಕೆ ಶುರು ಮಾಡಿದ್ರು. ಫೋರ್ ವೀಲ್ ಗೇರೂ ರಿಪೇರಿ ಆಯ್ತು. ಊರಿನ ಇನ್ನಿಬ್ಬರು ಗರ್ಭಿಣಿಯರು ಅದೇ ಉಬ್ಬು ಹತ್ತಿ ಆಸ್ಪತ್ರೆಗೆ ಹೋದ್ರು.

ತಂಗಿ ಮಗನಿಗೆ ಇಷ್ಟೇ ಹೇಳಿದೀನಿ. ಮೊದ್ಲು ಬ್ರೇಕು ತೋರ್ಸು. ಆಕ್ಸಲ್ಲಿನ ಕ್ರೌನ್-ಪಿನಿಯನ್ ಆ ಚಕ್ರಕ್ಕೆ ಹೊಂದತ್ತಾ ಕೇಳು. ಸ್ಟೆಪ್ನಿಯೂ ಅದೇ ಅಳತೇದು ಇಡು. ಕಂಪನಿ ಮಾಡಿ ಕೊಟ್ಟಿದ್ದನ್ನ ಮನಸ್ಸಿಗೆ ಬಂದಂಗೆ ಬದಲಾಯಿಸ್ಬಾರ್ದು ಅಂತ 1988ರ ಮೋಟಾರು ವಾಹನ ಕಾಯ್ದೇಲಿದೆ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡೀತು, ಅದನ್ನೂ ವಿಚಾರ್ಸು. ಇದೆಲ್ಲಾ ಆದ್ಮೇಲೂ ಹಾಕ್ಸದಾದ್ರೆ ಹಾಕ್ಸು. ಆದ್ರೆ ಗಾಡೀಲಿ ಎರಡು ಒಳ್ಳೇ ಕಲ್ಲು ಮಾತ್ರ ಇಟ್ಕೋ.