ಹಿಡಿಯಕ್ಕಿ, ಲೆಕ್ಕದ ಪುಸ್ತಕ ಮತ್ತು ಅನುದಾನ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಮಹಿಳಾ ವಿಭಾಗದಿಂದ ಹೊಲಿಗೆ ತರಬೇತಿ ಶುರು ಮಾಡಬೇಕೆಂದು ಒಂದು ಕಡೆ ಧನಸಹಾಯಕ್ಕೆ ಅರ್ಜಿ ಹಾಕಿದ್ದೆವು. ಆಗ ಲೆಕ್ಕಪತ್ರ ನನ್ನ ಕೈಯಲ್ಲಿತ್ತು. ಮೂರು ವರ್ಷಗಳ ಆಡಿಟ್ ವರದಿ ಕಳಿಸಿ ಎಂದರು. ನನ್ನ ಬಳಿ ಇದ್ದದ್ದು ಒಂದು ನೋಟ್‌ಬುಕ್ಕು ಮತ್ತು ಬಿಸ್ಕತ್ ಡಬ್ಬಿಯ ತುಂಬ ರಸೀದಿ ಚೀಟಿಗಳು. ಅರ್ಜಿ ವಾಪಸು ಬಂತು. "ಹೊರನಾಡಿನವರು ಅಂತ ಕೊಡಲಿಲ್ಲ" ಎಂದು ಸಭೆಯಲ್ಲಿ ಯಾರೋ ಅಂದರು. ನಾನು ಸುಮ್ಮನಿದ್ದೆ. ತಪ್ಪು ಡಬ್ಬಿಯಲ್ಲಿತ್ತು ಎನ್ನುವುದು ನನಗೆ ಗೊತ್ತಿತ್ತು.

ಆ ಬೇಸರದಲ್ಲೇ ಒಂದು ಪ್ರಶ್ನೆ ಹುಟ್ಟಿತು. ನಮ್ಮ ಈ ಹೈದರಾಬಾದಿನಲ್ಲಿ ಹಿಂದಿನವರು ಸಂಸ್ಥೆಗಳನ್ನು ಹೇಗೆ ಕಟ್ಟಿದರು? ಅವರಿಗೆ ದುಡ್ಡು ಯಾರು ಕೊಟ್ಟರು, ಏನು ನೋಡಿ ಕೊಟ್ಟರು?

ನಿಜಾಮರ ಕಾಲದಲ್ಲಿ ದೊಡ್ಡ ದಾನವೆಂದರೆ ದೊರೆಯ ಫರ್ಮಾನು. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಗೆ ಮಹಾಭಾರತದ ಪರಿಷ್ಕೃತ ಆವೃತ್ತಿಯ ಪ್ರಕಟಣೆಗಾಗಿ ವರ್ಷಕ್ಕೆ 1,000 ರೂಪಾಯಿಯಂತೆ 11 ವರ್ಷ ನೆರವು ಕೊಟ್ಟರು. ಅತಿಥಿಗೃಹಕ್ಕೆ 50,000 ರೂಪಾಯಿ ಬೇರೆ. 1930ರ ದಶಕದ ಮಾತಿದು. ಕೊಟ್ಟ ರೀತಿಯನ್ನು ಗಮನಿಸಿ: ಕೆಲಸ ಇಂಥದ್ದು, ಮೊತ್ತ ಇಷ್ಟು, ಅವಧಿ ಇಷ್ಟು. ಆವೃತ್ತಿ ಪೂರ್ಣವಾದದ್ದು 1966ರಲ್ಲಿ. ಆ ವಾರ್ಷಿಕ ನೆರವು ನಿಂತು ಎಷ್ಟೋ ವರ್ಷಗಳಾಗಿದ್ದವು, ಕೆಲಸ ನಿಂತಿರಲಿಲ್ಲ. ಅನುದಾನಕ್ಕೆ ಕೊನೆಯ ದಿನವಿರುತ್ತದೆ, ಸಂಸ್ಥೆಗೆ ಇರಬಾರದು.

ಆದರೆ ಫರ್ಮಾನು ಎಲ್ಲರ ಬಾಗಿಲಿಗೂ ಬರುತ್ತಿರಲಿಲ್ಲ. ಬೀದರ್, ಗುಲ್ಬರ್ಗಾ, ರಾಯಚೂರು ಆಗ ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳು. ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ಸಭೆ ಸೇರಬೇಕಾದರೂ ಸರ್ಕಾರದ ಅಪ್ಪಣೆ ಬೇಕೆಂದು 'ಗಸ್ತಿ 53' ಎಂಬ ಸುತ್ತೋಲೆ ಹೇಳುತ್ತಿತ್ತು. ಅಂಥ ಕಾಲದಲ್ಲಿ ಭಾಷೆಗಾಗಿ ಶಾಲೆ, ಸಂಘ, ವಾಚನಾಲಯ ನಡೆಸಿದವರು ಮೊದಲು ಕೈಚಾಚಿದ್ದು ತಮ್ಮವರ ಮುಂದೆಯೇ. ಮನೆಮನೆಯಲ್ಲಿ ಅಡುಗೆಗೆ ಮುನ್ನ ಒಂದು ಹಿಡಿ ಅಕ್ಕಿ ತೆಗೆದಿಟ್ಟು ಮಠಕ್ಕೋ ಪಾಠಶಾಲೆಗೋ ಕೊಡುವ ಪದ್ಧತಿ ನಮ್ಮ ಅಜ್ಜಿಯರಿಗೆ ಹೊಸದಲ್ಲ. ಹನಿ ಹನಿ ಕೂಡಿದರೆ ಹಳ್ಳ.

ಸಂಘಗಳ ನೋಂದಣಿಗೂ ಇಲ್ಲಿ ಸ್ವಂತ ಕಾನೂನಿತ್ತು. ತೆಲಂಗಾಣ ಭಾಗದ ಹಳೆಯ ಸಂಘಗಳ ಕಾಗದಗಳಲ್ಲಿ '1350 ಫಸಲಿ' ಎಂಬ ಮಾತು ಕಾಣಿಸುತ್ತದೆ. ಅದು ನಿಜಾಮರ ಕಾಲದ ಸಂಘ ನೋಂದಣಿ ಕಾಯ್ದೆಯ ವರ್ಷ, ನಮ್ಮ ಲೆಕ್ಕದಲ್ಲಿ 1940-41. ಆ ಕಾಯ್ದೆಯ ಜಾಗಕ್ಕೆ ಹೊಸದು ಬಂದದ್ದು 2001ರಲ್ಲಿ.

ಸ್ವಾತಂತ್ರ್ಯದ ನಂತರ ದೊರೆಯ ಮರ್ಜಿಯ ಜಾಗದಲ್ಲಿ ನಿಯಮ ಬಂತು. ಮಹಿಳಾ ಸಂಘಗಳ ಮಟ್ಟಿಗೆ ಅದನ್ನು ತಂದವರು ಒಬ್ಬ ಹೆಣ್ಣುಮಗಳು, ದುರ್ಗಾಬಾಯಿ ದೇಶಮುಖ್. ವಿದ್ಯಾನಗರದಲ್ಲಿ ಅವರ ಹೆಸರಿನ ಆಸ್ಪತ್ರೆಯ ಮುಂದೆ ನಾವೆಲ್ಲ ಓಡಾಡುತ್ತೇವೆ. ಕನ್ನಡಿಗರ ಕಾಚಿಗುಡ ಅಲ್ಲಿಂದ ದೂರವೇನಿಲ್ಲ.

1909ರಲ್ಲಿ ರಾಜಮಹೇಂದ್ರಿಯಲ್ಲಿ ಹುಟ್ಟಿದ ದುರ್ಗಾಬಾಯಿಯವರು ನಿಧಿ ಸಂಗ್ರಹದ ಮೊದಲ ಪಾಠ ಕಲಿತದ್ದು ಹನ್ನೆರಡರ ಆಸುಪಾಸಿನಲ್ಲಿ. 1921ರಲ್ಲಿ ಗಾಂಧೀಜಿ ಕಾಕಿನಾಡಕ್ಕೆ ಬರುವವರಿದ್ದರು. ದೇವದಾಸಿಯರೂ ಬುರ್ಖಾ ತೊಡುವ ಮಹಿಳೆಯರೂ ಅವರನ್ನು ಕಾಣಬೇಕೆಂಬುದು ಈ ಹುಡುಗಿಯ ಆಸೆ. ಕಾರ್ಯಕ್ರಮದ ಹಿರಿಯರು, 5,000 ರೂಪಾಯಿಯ ನಿಧಿ ತಂದರೆ ಹತ್ತು ನಿಮಿಷ ಕೊಡುತ್ತೇವೆ ಎಂದರು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ದೇವದಾಸಿಯರೇ ಹಣ ಕೂಡಿಸಿಕೊಟ್ಟರು. ಗಾಂಧೀಜಿ ಬಂದರು, ಆ ಹೆಂಗಸರು ಮೈಮೇಲಿನ ಒಡವೆಗಳನ್ನೂ ಬಿಚ್ಚಿಕೊಟ್ಟರು. 1923ರ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ಇದೇ ಹುಡುಗಿ ಖಾದಿ ಪ್ರದರ್ಶನದ ಬಾಗಿಲಲ್ಲಿ ನಿಂತು, ಟಿಕೆಟ್ ಇಲ್ಲದ ಜವಾಹರಲಾಲ್ ನೆಹರೂ ಅವರನ್ನೇ ತಡೆದಳು. ಟಿಕೆಟ್ ತಂದ ಮೇಲೆಯೇ ಒಳಗೆ ಬಿಟ್ಟದ್ದು. ಅವರ ಮುಂದಿನ ಜೀವನವನ್ನು ನೋಡಿದರೆ ಈ ಎರಡೂ ಗುಣ ಕೊನೆಯವರೆಗೂ ಉಳಿದವು ಅನಿಸುತ್ತದೆ: ಸಂಕೋಚವಿಲ್ಲದೆ ಕೇಳುವುದು, ಮುಲಾಜಿಲ್ಲದೆ ಲೆಕ್ಕ ಇಡುವುದು.

1937ರಲ್ಲಿ ಅವರು ಮದರಾಸಿನಲ್ಲಿ ಕಟ್ಟಿದ ಆಂಧ್ರ ಮಹಿಳಾ ಸಭಾ ಮುಂದೆ ಹೈದರಾಬಾದಿಗೂ ಹಬ್ಬಿತು. ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಸ್ವಯಂಸೇವಾ ಸಂಸ್ಥೆಗಳ ನೆರವಿಗೆಂದು 4 ಕೋಟಿ ರೂಪಾಯಿ ಇಡಲಾಯಿತು. ಅದನ್ನು ಹಂಚಲು 1953ರ ಆಗಸ್ಟ್‌ನಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಹುಟ್ಟಿದಾಗ ದುರ್ಗಾಬಾಯಿಯವರೇ ಮೊದಲ ಅಧ್ಯಕ್ಷೆ. ಸರ್ಕಾರವೇ ಎಲ್ಲ ಮಾಡುವುದಕ್ಕಿಂತ ಆಗಲೇ ದುಡಿಯುತ್ತಿರುವ ಸಂಸ್ಥೆಗಳ ಕೈ ಬಲಪಡಿಸುವುದು ಮಂಡಳಿಯ ದಾರಿ. ಬಾಲವಾಡಿ, ಹೆರಿಗೆ ಆರೈಕೆ, ಕರಕುಶಲ ಕಲಿಕೆಗಳು ಹಳ್ಳಿಗಳಿಗೆ ಹೋದವು. ನಡುವೆ ಶಾಲೆ ಬಿಟ್ಟ ಹೆಂಗಸರಿಗಾಗಿ 1958ರಲ್ಲಿ ಸಂಕ್ಷಿಪ್ತ ಶಿಕ್ಷಣ ತರಗತಿಗಳು ಶುರುವಾದವು. ವಿಧವೆಯರು, ಗಂಡ ಬಿಟ್ಟವರು ಅಲ್ಲಿ ಓದಿ ಪರೀಕ್ಷೆ ಕಟ್ಟಿ, ಸ್ವಂತ ಕಾಲ ಮೇಲೆ ನಿಲ್ಲುವ ದಾರಿ ತೆರೆಯಿತು.

ಇಂಥ ಅನುದಾನದ ಜೊತೆಗೆ ಇನ್ನೊಂದು ವಿದ್ಯೆಯೂ ಮಹಿಳಾ ಮಂಡಳಿಗಳ ಒಳಗೆ ಬಂತು. ನಡವಳಿ ಬರೆಯುವುದು, ವೋಚರ್ ಇಡುವುದು, ಬ್ಯಾಂಕ್ ಖಾತೆ ನಡೆಸುವುದು, ಹಣ ಹೇಗೆ ಬಳಕೆಯಾಯಿತೆಂದು ಬಳಕೆ ಪ್ರಮಾಣಪತ್ರ ಕೊಡುವುದು. ಮನೆಯ ದುಡ್ಡಿನ ಮೇಲೂ ಹಕ್ಕಿರದ ಹೆಣ್ಣುಮಗಳಿಗೆ ಸಂಘದ ಚೆಕ್ಕಿಗೆ ಸಹಿ ಹಾಕುವುದು ಎಂಥ ದೊಡ್ಡ ವಿಷಯ, ಯೋಚಿಸಿ.

ಇಂದು ಬಾಗಿಲುಗಳು ಹೆಚ್ಚಿವೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಇಡಬೇಕು. ಅಂಥ ಕಂಪನಿಗಳು ಹೈದರಾಬಾದಿನಲ್ಲಿ ಬೇಕಾದಷ್ಟಿವೆ. ಆ ಹಣ ನೇರವಾಗಿ ಪಡೆಯಲು ಸಂಘಕ್ಕೆ ನೋಂದಣಿ, ಪ್ಯಾನ್, ಆದಾಯ ತೆರಿಗೆ ಕಾಯ್ದೆಯ ಮಾನ್ಯತೆ, ಸಿಎಸ್‌ಆರ್-1 ನೋಂದಣಿ ಬೇಕು. ಸರ್ಕಾರಿ ಯೋಜನೆಗಳಿಗೆ ದರ್ಪಣ್ ಪೋರ್ಟಲ್‌ನ ಸಂಖ್ಯೆ ಕೇಳುತ್ತಾರೆ. ಅಮೆರಿಕದಲ್ಲಿರುವ ಮಗನೋ ಸೊಸೆಯೋ ಕೊಡುವ ಹಣದಲ್ಲಿ ಒಂದು ಎಚ್ಚರ: ಭಾರತೀಯ ಪೌರತ್ವ ಉಳಿಸಿಕೊಂಡವರು ತಮ್ಮ ದುಡಿಮೆಯಿಂದ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಪೌರತ್ವ ಬದಲಿಸಿದವರು ಕೊಟ್ಟರೆ ವಿದೇಶಿ ದೇಣಿಗೆ ಕಾಯ್ದೆ ಅನ್ವಯಿಸುತ್ತದೆ. ಅನುಮತಿಯಿಲ್ಲದೆ ಪಡೆಯುವಂತಿಲ್ಲ.

ಅಳದಿದ್ದರೆ ತಾಯಿಯೂ ಹಾಲು ಕೊಡಳು ಎನ್ನುತ್ತಾರೆ. ಕೇಳೋಣ, ನಾಚಿಕೆ ಬೇಡ. ಆದರೆ ಕೇಳುವ ಮುನ್ನ ನಮ್ಮ ಹಿಡಿಯಕ್ಕಿ ಪಾತ್ರೆಯಲ್ಲಿರಲಿ, ನಮ್ಮ ಪುಸ್ತಕ ತೆರೆದಿರಲಿ. ಅರ್ಜಿ ವಾಪಸಾದ ವರ್ಷವೇ ನಾವು ತಿಂಗಳಿಗೆ ನೂರು ರೂಪಾಯಿ ವಂತಿಗೆ ಶುರು ಮಾಡಿದೆವು. ಎರಡು ಹೊಲಿಗೆ ಯಂತ್ರ ಆ ದುಡ್ಡಿನಲ್ಲೇ ಬಂದವು. ಈಗ ಮೂರು ವರ್ಷಗಳ ಆಡಿಟ್ ವರದಿಯೂ ಕೈಯಲ್ಲಿದೆ. ಈ ಸಲದ ಅರ್ಜಿ ಬರೆಯಲು ಯಾರು ಬರುತ್ತೀರಿ? ಭಾನುವಾರ ಸಂಘದಲ್ಲಿ ನಾನಿರುತ್ತೇನೆ. ಬಿಸ್ಕತ್ ಡಬ್ಬಿಯಲ್ಲಿ ಈಗ ಬಿಸ್ಕತ್ತೇ ಇರುತ್ತದೆ.