‘ವಿಡೋ’ ಪದದ ಬೇರು: ಯಾಸ್ಕನಿಂದ ಇಂದಿನವರೆಗೆ

ಇಂಗ್ಲಿಷಿನ ‘ವಿಡೋ’, ನಮ್ಮ ‘ವಿಧವೆ’. ಎರಡನ್ನೂ ಒಟ್ಟಿಗೆ ಉಚ್ಚರಿಸಿದರೆ ನೆಂಟಸ್ತಿಕೆ ಕಿವಿಗೇ ತಿಳಿಯುತ್ತದೆ. ಬರಿಯ ಕಿವಿಯನ್ನು ನಂಬಿದವರನ್ನು ಪದಗಳು ಬಹಳ ಸಲ ಮೋಸಗೊಳಿಸಿವೆ. ಇಲ್ಲಿ ಮಾತ್ರ ಕಿವಿ ಹೇಳಿದ್ದು ನಿಜ. ಆದರೆ ಈ ಪದದೊಳಗೆ ‘ಗಂಡ’ ಇದ್ದಾನೆಯೇ ಎಂಬ ಪ್ರಶ್ನೆ ಬಗೆಹರಿಯಲು ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಆ ಪ್ರಶ್ನೆಯನ್ನು ಮೊದಲು ಎತ್ತಿಕೊಂಡವನು ನಿರುಕ್ತಕಾರ ಯಾಸ್ಕ. ಋಗ್ವೇದದ ಹತ್ತನೆಯ ಮಂಡಲದಲ್ಲಿ ವಿಧವೆ ಮತ್ತು ಮೈದುನ ಒಟ್ಟಿಗೆ ಬರುವ ಒಂದು ಮಂತ್ರವನ್ನು ವಿವರಿಸುವಾಗ ಅವನು ನಾಲ್ಕು ದಾರಿ ತೋರಿಸುತ್ತಾನೆ: ಪೋಷಿಸುವವನಿಲ್ಲದವಳು, ನಡುಗುವವಳು, ಅತ್ತಿಂದಿತ್ತ ಓಡುವವಳು, ಕೊನೆಗೆ ‘ಧವ’ನನ್ನು, ಅಂದರೆ ಪುರುಷನನ್ನು, ಅಗಲಿದವಳು. ಮೂರನೆಯದು ಚರ್ಮಶಿರಸ್ ಎಂಬಾತನ ಮತವೆಂದು ಹೆಸರು ಹೇಳಿಯೇ ಕೊಡುತ್ತಾನೆ. ಮುಂದಿನವರು ನಾಲ್ಕನೆಯದನ್ನೇ ಹಿಡಿದರು. ನಾವು ಶಾಲೆಯಲ್ಲಿ ಕಲಿತದ್ದೂ ಅದನ್ನೇ.

1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಕವಲೊಡೆದಿರಬೇಕೆಂದ ಮೇಲೆ ಪ್ರಶ್ನೆಯ ಹರವು ಹಿಗ್ಗಿತು. 1816ರಲ್ಲಿ ಫ್ರಾಂಜ್ ಬಾಪ್ ಕ್ರಿಯಾಪದಗಳ ಹೋಲಿಕೆ ತೋರಿಸಿದ. ರಾಸ್ಕ್ ಮತ್ತು ಯಾಕೊಬ್ ಗ್ರಿಮ್ ಧ್ವನಿಗಳ ಬದಲಾವಣೆಗೂ ಒಂದು ಕ್ರಮವಿದೆಯೆಂದು ಕಂಡುಕೊಂಡರು. ಸಂಸ್ಕೃತದ ‘ಧ’ ಇರುವಲ್ಲಿ ಇಂಗ್ಲಿಷಿನಲ್ಲಿ ‘ಡ’ ಬರುತ್ತದೆ: ಮಧು–ಮೀಡ್, ಬಂಧ–ಬೈಂಡ್. ವಿಧವಾ–ವಿಡೋ ಇದೇ ಸಾಲಿನದು. ಆದ್ದರಿಂದ ಇದು ಇಂಗ್ಲಿಷ್ ನಮ್ಮಿಂದ ಕಡ ಪಡೆದ ಪದವಲ್ಲ. ಎರಡು ಮನೆಗೂ ಪಿತ್ರಾರ್ಜಿತವಾಗಿ ಬಂದದ್ದು. ಲ್ಯಾಟಿನ್ನಿನ ‘ವಿದುವಾ’, ಗಾಥಿಕ್‌ನ ‘ವಿಡುವೊ’, ರಷ್ಯನ್ನಿನ ‘ವ್ದೊವಾ’ ಆ ಮನೆತನದವೇ. ಉರ್ದು ಮಾತಾಡುವ ಮನೆಗಳಲ್ಲಿ ಕೇಳುವ ‘ಬೇವಾ’ ಪಾರಸಿಯಿಂದ ಬಂದದ್ದು, ಅದೂ ಇದೇ ಬಳ್ಳಿಯ ಕಾಯಿ.

1856ರಲ್ಲಿ ಮ್ಯಾಕ್ಸ್ ಮುಲ್ಲರ್ ಈ ಪದವನ್ನು ಸಮಾಜದ ಚರ್ಚೆಗೆ ತಂದ. ಮೂಲ ಆರ್ಯರಲ್ಲಿ ಸಹಗಮನ ಇದ್ದಿದ್ದರೆ ಗಂಡನಿಲ್ಲದವಳೆಂಬ ಪದಕ್ಕೆ ಎಡೆಯೇ ಇರುತ್ತಿರಲಿಲ್ಲ, ಆದ್ದರಿಂದ ಆ ಪದ್ಧತಿ ಈಚಿನದು ಎಂಬುದು ಅವನ ವಾದ. ಸತಿ ಪದ್ಧತಿ 1829ರಲ್ಲೇ ನಿಷೇಧವಾಗಿತ್ತು. ವಿದ್ಯಾಸಾಗರರ ಹೋರಾಟದಿಂದ ವಿಧವಾ ಪುನರ್ವಿವಾಹದ ಕಾಯಿದೆ ಬಂದದ್ದು ಅದೇ 1856ರಲ್ಲಿ. ಮುಲ್ಲರ್ ಪದವನ್ನು ‘ವಿ’ ಮತ್ತು ‘ಧವ’ ಎಂದೇ ಒಡೆದಿದ್ದ. ಆ ಒಡೆತ ಮುಂದೆ ಬಿದ್ದುಹೋಯಿತು. ಪದ ಬಹಳ ಹಳೆಯದೆಂಬ ಮಾತು ಉಳಿಯಿತು.

ಒಡೆತ ಬಿದ್ದದ್ದು ಏಕೆ? ‘ಧವ’ಕ್ಕೆ ಸೋದರ ಭಾಷೆಗಳಲ್ಲಿ ಜೋಡಿಯಿಲ್ಲ, ‘ವಿಧವಾ’ಕ್ಕೆ ಎಲ್ಲೆಡೆ ಇದೆ. ಲ್ಯಾಟಿನ್ನಿನ ‘ವಿದುಉಸ್’ ಎಂದರೆ ಏನನ್ನೋ ಕಳೆದುಕೊಂಡ, ಬರಿದಾದ ಎಂದರ್ಥ. ಗ್ರೀಕಿನ ‘ಈಥೆಒಸ್’ ಮದುವೆಯಾಗದ ತರುಣ. ಅವನಿಗೆ ಸತ್ತ ಸಂಗಾತಿಯೇ ಇಲ್ಲ. ಹೀಗಾಗಿ ಇಂದಿನ ವಿದ್ವಾಂಸರು ಮೂಲವನ್ನು ‘ಬೇರೆಯಾಗು’ ಎಂಬ ಅರ್ಥದ ಧಾತುವಿನಲ್ಲಿ ಕಾಣುತ್ತಾರೆ. ಇಂಗ್ಲಿಷಿನ ‘ಡಿವೈಡ್’ ಹುಟ್ಟಿದ್ದೂ ಅಲ್ಲಿಂದಲೇ. ‘ವಿಧವಾ’ದ ಮೊದಲಕ್ಷರವನ್ನು ಉಪಸರ್ಗವೆಂದು ತಿಳಿದು ತೆಗೆದುಹಾಕಿದಾಗ ಉಳಿದದ್ದು ‘ಧವ’. ‘ಅಸುರ’ದ ‘ಅ’ ತೆಗೆದು ‘ಸುರ’ ಮಾಡಿಕೊಂಡಂತೆಯೇ ಇದು. ಗಂಡನೆಂಬ ಅರ್ಥದ ಪದವೇ ವಿಧವೆಯಿಂದ ಹುಟ್ಟಿತು.

ಇಂಗ್ಲಿಷಿನಲ್ಲೂ ಹೆಣ್ಣಿನ ಪದವೇ ಮುಂಚಿನದು. ಹಳೆಯ ಇಂಗ್ಲಿಷಿನ ‘ವಿಡೆವೆ’ ‘ವಿಡೋ’ ಆಯಿತು. ಹೆಂಡತಿ ಸತ್ತವನಿಗೆ ‘ವಿಡೋವರ್’ ಎಂಬ ಹೆಸರು ಬಂದದ್ದು 14ನೇ ಶತಮಾನದ ಸುಮಾರಿಗೆ, ಅದೂ ಹೆಣ್ಣಿನ ಪದಕ್ಕೆ ಬಾಲ ಸೇರಿಸಿ. ಗಂಡಿನ ಹೆಸರಿನಿಂದ ಹೆಣ್ಣಿನ ಹೆಸರು ಹುಟ್ಟುವುದೇ ವಾಡಿಕೆಯಾದ ಭಾಷೆಯಲ್ಲಿ ಇದು ಅಪರೂಪ. ಅಗಲಿಕೆಯ ನಂತರದ ಬದುಕನ್ನು ಸಮಾಜ ಗುರುತಿಟ್ಟದ್ದು ಹೆಚ್ಚಾಗಿ ಹೆಣ್ಣಿನ ಮೈಮೇಲೆ ಎಂಬುದಕ್ಕೆ ಭಾಷೆಯೇ ಸಾಕ್ಷಿ.

ಕುಂಕುಮ, ಬಳೆ, ಶುಭಕಾರ್ಯಗಳಿಂದ ಆಕೆಯನ್ನು ದೂರವಿಟ್ಟ ಅಮಂಗಲದ ಕಲ್ಪನೆ ಈ ಪದದ ಬೇರಿನಲ್ಲಿ ಎಲ್ಲೂ ಇಲ್ಲ. ಅಲ್ಲಿರುವುದು ಒಂದು ಅಗಲಿಕೆ ಮಾತ್ರ. ಉಳಿದದ್ದೆಲ್ಲ ನಾವು ಸೇರಿಸಿದ್ದು. ಸೇರಿಸಿದ್ದನ್ನು ಕಳೆಯುವುದೂ ನಮ್ಮ ಕೈಯಲ್ಲೇ ಇದೆ.